ಮತ್ತೆ ಮತ್ತೆ ಬರೆಯುವ ಸಿಡಿ, ಡಿವಿಡಿಗೆ ಯಾವ ಫೈಲ್ ಸಿಸ್ಟಂ? (ಸಂಘದ ವಾರದ ಬ್ಯಾಕಪ್)

ಹೊಸನಗರ_ಲೆಕ್ಕ

ಅಡಿಕೆ ವ್ಯವಹಾರದ ಒಂದು ಸಣ್ಣ ಸಂಘದ ಲೆಕ್ಕಪತ್ರಗಳನ್ನು ವಾರಕ್ಕೊಮ್ಮೆ ಡಿಸ್ಕ್‌ಗೆ ಹಾಕಿಡಬೇಕು. ಒಟ್ಟು ಸುಮಾರು 1.1 ಜಿಬಿ: 600 ಎಂಬಿಯ ಒಂದು ಡೇಟಾಬೇಸ್ ಫೈಲ್, ಉಳಿದದ್ದು ಸ್ಕ್ಯಾನ್ ಮಾಡಿದ ರಸೀದಿಗಳು, ಎಂಟು ಸಾವಿರದ ಹತ್ತಿರ. ಹೆಸರೆಲ್ಲ ಕನ್ನಡದಲ್ಲೇ ಇವೆ.

ಕೈಯಲ್ಲಿರುವ ಸರಕು: ಒಂದು ಡಬ್ಬ ಸಿಡಿ-ಆರ್‌ಡಬ್ಲ್ಯೂ (700 ಎಂಬಿ), ಹತ್ತು ಡಿವಿಡಿ+ಆರ್‌ಡಬ್ಲ್ಯೂ (4ಎಕ್ಸ್), ಮೂರು ಡಿವಿಡಿ-ಆರ್‌ಡಬ್ಲ್ಯೂ, ಕಾರ್ಟ್ರಿಜ್ ಇಲ್ಲದ ಎರಡು ಡಿವಿಡಿ-ರ್‍ಯಾಮ್. ಬರೆಯುವುದು ಡೆಬಿಯನ್ ಲಿನಕ್ಸ್‌ನಲ್ಲಿ, ಒಮ್ಮೊಮ್ಮೆ ವಿಂಡೋಸ್ 10ರಲ್ಲಿ. ಶಾಖೆಯಲ್ಲಿ ಒಂದು ವಿಂಡೋಸ್ ಎಕ್ಸ್‌ಪಿ ಇದೆ, ಅದರಲ್ಲಿ ಓದಲು ಬಂದರೆ ಸಾಕು.

ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ರಚನೆ, ಅಂದರೆ ಫೈಲ್ ಸಿಸ್ಟಂ, ಐಎಸ್ಒ 9660 ಹಾಕಬೇಕೋ, ಯುಡಿಎಫ್ ಹಾಕಬೇಕೋ? ಯುಡಿಎಫ್ ಆದರೆ ಯಾವ ಆವೃತ್ತಿ?

ತುಂಗಾತೀರ

ಮೊದಲು ಸಿಡಿ-ಆರ್‌ಡಬ್ಲ್ಯೂ ಡಬ್ಬ ಬದಿಗಿಡಿ. 1.1 ಜಿಬಿ ಅದರಲ್ಲಿ ಹಿಡಿಯುವುದೇ ಇಲ್ಲ.

ಆಮೇಲೆ ಒಂದು ವಿಷಯ ನೀವೇ ತೀರ್ಮಾನ ಮಾಡಿಕೊಳ್ಳಬೇಕು. ವಾರವಾರವೂ ಡಿಸ್ಕನ್ನು ಪೂರ್ತಿ ಹೊಸದಾಗಿ ಬರೆಯುತ್ತೀರೋ, ಇಲ್ಲಾ ಪೆನ್‌ಡ್ರೈವ್ ಥರ ಅದರಲ್ಲೇ ಒಂದೊಂದು ಫೈಲ್ ಅಳಿಸಿ, ಸೇರಿಸಿ, ತಿದ್ದುತ್ತೀರೋ? ಪೂರ್ತಿ ಬರೆಯುವುದಾದರೆ ಐಎಸ್ಒ ಸಾಕು. ಫೈಲ್ ಮಟ್ಟದಲ್ಲಿ ತಿದ್ದುವುದಾದರೆ ಯುಡಿಎಫ್ ಬಿಟ್ಟು ಬೇರೆ ದಾರಿ ಇಲ್ಲ. ಐಎಸ್ಒ 9660 ಎನ್ನುವುದು 1988ರಲ್ಲಿ ಓದುವುದಕ್ಕೆಂದೇ ಮಾಡಿದ ರಚನೆ. ಅದರಲ್ಲಿ ನಡುವಿನ ಒಂದು ಫೈಲ್ ಅಳಿಸಿ ಆ ಜಾಗ ವಾಪಸ್ ಪಡೆಯುವುದು ಆಗುವುದಿಲ್ಲ.

ಪೇಟೆ_ಬೀದಿ

ಡಿವಿಡಿ+ಆರ್‌ಡಬ್ಲ್ಯೂಗೆ ಪೆನ್‌ಡ್ರೈವ್‌ನಲ್ಲಿರುವಂಥ ಫ್ಯಾಟ್32 ಫೈಲ್ ಸಿಸ್ಟಂ ಸೀದಾ ಹಾಕಿದರೆ ಆಗಲ್ವಾ? ಎಕ್ಸ್‌ಪಿಯೂ ಓದುತ್ತೆ, ಲಿನಕ್ಸೂ ಬರೆಯುತ್ತೆ. ತಲೆನೋವೇ ಇಲ್ಲ.

ಕಾನುಮನೆ

ಆಗುತ್ತೆ, ಆದರೆ ಡಿಸ್ಕ್ ಬೇಗ ಹೋಗುತ್ತೆ ಮಾರಾಯ್ರೇ. ಡಿವಿಡಿ+ಆರ್‌ಡಬ್ಲ್ಯೂ, ಡಿವಿಡಿ-ಆರ್‌ಡಬ್ಲ್ಯೂ, ಸಿಡಿ-ಆರ್‌ಡಬ್ಲ್ಯೂ ಮೂರಕ್ಕೂ ಒಂದೇ ಜಾಗದಲ್ಲಿ ಬರೆಯುವ ಆಯಸ್ಸು ಹೆಚ್ಚುಕಡಿಮೆ 1,000 ಸಲ. ಡಿವಿಡಿ-ರ್‍ಯಾಮ್‌ಗೆ ಅದು 1,00,000.

ಡಿವಿಡಿಯಲ್ಲಿ ದೋಷ ತಿದ್ದುವ ಒಂದು ಬ್ಲಾಕ್ ಎಂದರೆ 16 ಸೆಕ್ಟರ್, ಅಂದರೆ 32 ಕೆಬಿ. ನೀವು 2 ಕೆಬಿ ಬದಲಾಯಿಸಿದರೂ ಡ್ರೈವ್ ಒಳಗೆ ಆ 32 ಕೆಬಿಯನ್ನು ಓದಿ, ತಿದ್ದಿ, ಪೂರ್ತಿ ವಾಪಸ್ ಬರೆಯುತ್ತದೆ. ಫ್ಯಾಟ್‌ನಲ್ಲಿ ಯಾವ ಫೈಲ್ ಎಲ್ಲಿದೆ ಎನ್ನುವ ಕೋಷ್ಟಕ ಇರುವುದು ಡಿಸ್ಕಿನ ಆರಂಭದಲ್ಲಿ. ಎಂಟು ಸಾವಿರ ಫೈಲ್ ಹಾಕಿದರೆ ಆ ಒಂದೇ ಜಾಗಕ್ಕೆ ಎಷ್ಟು ಸಲ ಸುಡುತ್ತೀರಿ ಅಂತ ಲೆಕ್ಕ ಹಾಕಿ. ಕೊನೆಗೆ ಡಿಸ್ಕಿನ 99 ಪಾಲು ಹೊಸದರಂತೆ ಇರುತ್ತೆ, ಕೋಷ್ಟಕ ಇರುವ ಜಾಗ ಮಾತ್ರ ಸತ್ತಿರುತ್ತೆ. ಡಿವಿಡಿ+ಆರ್‌ಡಬ್ಲ್ಯೂ ಡ್ರೈವ್ ಕೆಟ್ಟ ಸೆಕ್ಟರ್‌ಗೆ ತಾನೇ ಬದಲಿ ಜಾಗ ಕೊಡುವುದಿಲ್ಲ. ಮೌಂಟ್ ರೇನಿಯರ್ ಎನ್ನುವ ಸೌಲಭ್ಯ ಇರುವ ಡ್ರೈವ್‌ಗಳು ಮಾತ್ರ ಕೊಡುತ್ತಿದ್ದವು.

ಇಎಕ್ಸ್‌ಟಿ4 (ಲಿನಕ್ಸ್‌ನ ಮಾಮೂಲಿ ಫೈಲ್ ಸಿಸ್ಟಂ) ಇನ್ನೂ ಕೆಟ್ಟದ್ದು, ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಅದೇ ಜಾಗದಲ್ಲಿ ಸುತ್ತುತ್ತಾ ಇರುತ್ತೆ. ಡಿವಿಡಿ-ರ್‍ಯಾಮ್ ಆದರೆ ಫ್ಯಾಟ್32 ಹಾಕಿ ನೋಡಬಹುದು. ಎಕ್ಸ್‌ಪಿ ತಾನಾಗಿ ಡಿವಿಡಿ-ರ್‍ಯಾಮ್‌ಗೆ ಬರೆಯುತ್ತಿದ್ದದ್ದೂ ಫ್ಯಾಟ್32ರಲ್ಲೇ.

ತುಂಗಾತೀರ

ಯುಡಿಎಫ್ ಆವೃತ್ತಿಯ ವಿಷಯ. ನಿಮ್ಮ ಮೂರು ಯಂತ್ರಗಳಲ್ಲಿ ಎಲ್ಲಕ್ಕಿಂತ ಹಳೆಯದು ಏನು ಓದುತ್ತದೋ ಅದೇ ನಿಮ್ಮ ಮಿತಿ.

1.02 ಡಿವಿಡಿ ವಿಡಿಯೋಗೆ ಬಂದದ್ದು, ವಿಂಡೋಸ್ 98 ಓದುತ್ತಿದ್ದದ್ದು ಅದನ್ನೇ. 1.50ರಲ್ಲಿ ಎರಡು ಮುಖ್ಯ ಸೇರ್ಪಡೆ: ಒಮ್ಮೆ ಮಾತ್ರ ಬರೆಯುವ ಸಿಡಿ-ಆರ್‌ಗೆ ವಿಎಟಿ (ಫೈಲ್‌ನ ಹೊಸ ಜಾಗ ತೋರಿಸುವ ಕೋಷ್ಟಕ), ಸಿಡಿ-ಆರ್‌ಡಬ್ಲ್ಯೂ ಥರದವಕ್ಕೆ ಸ್ಪೇರಿಂಗ್ ಕೋಷ್ಟಕ (ಕೆಟ್ಟ ಜಾಗಕ್ಕೆ ಬದಲಿ ಜಾಗದ ಪಟ್ಟಿ). ವಿಂಡೋಸ್ 2000 ಓದುವುದು ಇಲ್ಲಿಯವರೆಗೆ. ಎಕ್ಸ್‌ಪಿ 2.01 ತನಕ ಓದುತ್ತದೆ, ಆದರೆ ತಾನಾಗಿ ಬರೆಯುವುದಿಲ್ಲ. 2003ರ 2.50ರಲ್ಲಿ ಮೆಟಾಡೇಟಾಕ್ಕೇ (ಫೈಲ್‌ಗಳ ಹೆಸರು, ಜಾಗದ ವಿವರ) ಬೇರೆ ಪಾರ್ಟಿಷನ್ ಬಂತು. ಅದನ್ನು ವಿಸ್ಟಾದಿಂದ ಈಚಿನ ವಿಂಡೋಸ್ ಬರೆಯುತ್ತದೆ, ಲಿನಕ್ಸ್ ಓದುತ್ತದೆ ಅಷ್ಟೇ, ಬರೆಯುವುದಿಲ್ಲ. 2.60 ಬ್ಲೂ-ರೇ ಆರ್‌ಗಾಗಿ, ನಿಮಗೆ ಬೇಡ.

ಎಕ್ಸ್‌ಪಿ ಓದಬೇಕು, ಡೆಬಿಯನ್ ಬರೆಯಬೇಕು. ಎರಡೂ ಕೂಡುವ ಜಾಗ 2.01. ದೊಡ್ಡ ಸಂಖ್ಯೆ ಒಳ್ಳೆಯದಿರಬೇಕು ಅಂತ 2.50 ಹಾಕಿದರೆ ಎಕ್ಸ್‌ಪಿಯಲ್ಲಿ ಖಾಲಿ ಡಿಸ್ಕ್ ಕಾಣುತ್ತದೆ, ಡೆಬಿಯನ್‌ನಲ್ಲಿ ಓದಲು ಮಾತ್ರ ಬರುತ್ತದೆ.

ವಿಂಡೋಸ್ 10ರಲ್ಲಿ ಮಾಡುವುದಾದರೆ ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ: ಫಾರ್ಮ್ಯಾಟ್ ಇ: /ಎಫ್‌ಎಸ್:ಯುಡಿಎಫ್ /ಆರ್:2.01. ಡಿಸ್ಕ್ ಹೊಸದಾಗಿದ್ದರೆ ಮೊದಲ ಸಲ ಕ್ವಿಕ್ ಆಯ್ಕೆ ಕೊಡಬೇಡಿ. ಡಿಸ್ಕ್ ಹಾಕಿದಾಗ ಬರುವ ಕಿಟಕಿಯಲ್ಲಿ ಯುಎಸ್‌ಬಿ ಫ್ಲ್ಯಾಶ್ ಡ್ರೈವ್ ಥರ ಎನ್ನುವುದು ಯುಡಿಎಫ್. ಸಿಡಿ/ಡಿವಿಡಿ ಪ್ಲೇಯರ್ ಜೊತೆ ಎನ್ನುವುದು ಒಟ್ಟಿಗೆ ಬರೆದು ಮುಗಿಸುವ ರೀತಿ.

ಬಿಟ್_ಭದ್ರಾವತಿ

ಡೆಬಿಯನ್ ಕಡೆಯ ಹೆಜ್ಜೆಗಳು ಇಲ್ಲಿವೆ. ಆಜ್ಞೆಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಕೊಡಿ. ನಮ್ಮ ಲಿಪಿ ಅದಕ್ಕೆ ಬರಲ್ಲ.

ಯುಡಿಎಫ್‌ಟೂಲ್ಸ್ ಮತ್ತು ಡಿವಿಡಿ+ಆರ್‌ಡಬ್ಲ್ಯೂ-ಟೂಲ್ಸ್ ಎರಡು ಪ್ಯಾಕೇಜ್ ಹಾಕಿಕೊಳ್ಳಿ. ಡಿಸ್ಕ್ ತುರುಕಿ ಡಿವಿಡಿ+ಆರ್‌ಡಬ್ಲ್ಯೂ-ಮೀಡಿಯಾಇನ್ಫೋ /ಡೆವ್/ಎಸ್‌ಆರ್0 ಕೊಡಿ. ಮೌಂಟೆಡ್ ಮೀಡಿಯಾ ಎನ್ನುವ ಸಾಲು ನೋಡಿ: 1ಎ ಇದ್ದರೆ ಡಿವಿಡಿ+ಆರ್‌ಡಬ್ಲ್ಯೂ, 12 ಇದ್ದರೆ ಡಿವಿಡಿ-ರ್‍ಯಾಮ್, 13 ಮತ್ತು 14 ಎರಡೂ ಡಿವಿಡಿ-ಆರ್‌ಡಬ್ಲ್ಯೂ.

ಹೊಸ ಡಿವಿಡಿ+ಆರ್‌ಡಬ್ಲ್ಯೂ ಆದರೆ ಮೊದಲು ಡಿವಿಡಿ+ಆರ್‌ಡಬ್ಲ್ಯೂ-ಫಾರ್ಮ್ಯಾಟ್ /ಡೆವ್/ಎಸ್‌ಆರ್0. ಇದು ಬೇಗ ಮುಗಿಯುತ್ತೆ, ಉಳಿದ ಫಾರ್ಮ್ಯಾಟ್ ಹಿನ್ನೆಲೆಯಲ್ಲಿ ನಡೆಯುತ್ತೆ. ಆಮೇಲೆ ಎಂಕೆಯುಡಿಎಫ್‌ಎಫ್‌ಎಸ್‌ಗೆ ಬ್ಲಾಕ್‌ಸೈಜ್ 2048, ಯುಡಿಎಫ್‌ರೆವ್ 0ಎಕ್ಸ್0201, ಮೀಡಿಯಾ-ಟೈಪ್ ಡಿವಿಡಿಆರ್‌ಡಬ್ಲ್ಯೂ (ರ್‍ಯಾಮ್ ಆದರೆ ಡಿವಿಡಿರ್‍ಯಾಮ್), ಕೊನೆಗೆ ಡ್ರೈವಿನ ಹೆಸರು. ಬ್ಲಾಕ್ 2048 ಬಿಟ್ಟು ಬೇರೆ ಕೊಟ್ಟರೆ ವಿಂಡೋಸ್ ಡಿಸ್ಕನ್ನು ಗುರುತೇ ಹಿಡಿಯುವುದಿಲ್ಲ.

ಮೌಂಟ್ ಮಾಡುವಾಗ (ಡಿಸ್ಕನ್ನು ಬಳಕೆಗೆ ತೆರೆಯುವಾಗ) ಟೈಪ್ ಯುಡಿಎಫ್, ಆಯ್ಕೆಗಳು ಆರ್‌ಡಬ್ಲ್ಯೂ, ನೋಎಟೈಮ್, ಐಒಚಾರ್‌ಸೆಟ್ ಯುಟಿಎಫ್8. ನೋಎಟೈಮ್ ಮರೆಯಬೇಡಿ. ಫೈಲ್ ಓದಿದಾಗಲೆಲ್ಲ ಸಮಯ ಬರೆಯುವ ಕೆಲಸ ಅದರಿಂದ ತಪ್ಪುತ್ತದೆ.

ಬರೆದದ್ದು ಯಾವ ರಚನೆ ಅಂತ ಕಣ್ಣಾರೆ ನೋಡಬೇಕಾದರೆ: ಡಿಡಿ ಆಜ್ಞೆಯಲ್ಲಿ ಬಿಎಸ್ 2048, ಸ್ಕಿಪ್ 16, ಕೌಂಟ್ 3 ಕೊಟ್ಟು ಸ್ಟ್ರಿಂಗ್ಸ್‌ಗೆ ಹಾಯಿಸಿ. ಶುದ್ಧ ಯುಡಿಎಫ್ ಆದರೆ ಬಿಇಎ01, ಎನ್‌ಎಸ್‌ಆರ್03, ಟಿಇಎ01 ಅಂತ ಮೂರು ಸಾಲು ಬರುತ್ತದೆ. ನಡುವಿನದು ಎನ್‌ಎಸ್‌ಆರ್02 ಆಗಿದ್ದರೆ ಅದು 1.50 ಅಥವಾ ಹಿಂದಿನದು. ಸಿಡಿ001 ಕಂಡರೆ ಅಲ್ಲಿ ಐಎಸ್ಒ ಇದೆ.

ಹೊಸನಗರ_ಲೆಕ್ಕ

ಡಿವಿಡಿ+ಆರ್‌ಡಬ್ಲ್ಯೂ, ಡಿವಿಡಿ-ರ್‍ಯಾಮ್ ಎರಡೂ ಸರಿಯಾಗಿ ಮೌಂಟ್ ಆದವು. ಡಿವಿಡಿ-ಆರ್‌ಡಬ್ಲ್ಯೂ ಮಾತ್ರ ಓದಲು ಮಾತ್ರ ಅಂತ ಹಟ ಹಿಡಿದಿದೆ. ಮೀಡಿಯಾಇನ್ಫೋದಲ್ಲಿ 14 ತೋರಿಸುತ್ತೆ.

ಕಾನುಮನೆ

14 ಎಂದರೆ ಸಾಲಾಗಿ ಬರೆಯುವ ಸ್ಥಿತಿ. 13 ಎಂದರೆ ಮೇಲೆಮೇಲೆ ಬರೆಯಬಹುದಾದ ಸ್ಥಿತಿ. ಡಿವಿಡಿ+ಆರ್‌ಡಬ್ಲ್ಯೂ-ಫಾರ್ಮ್ಯಾಟ್‌ಗೆ ಫೋರ್ಸ್ ಕೊಟ್ಟರೆ 14 ಇದ್ದದ್ದು 13 ಆಗುತ್ತೆ. ಆದರೂ ಅದು 32 ಕೆಬಿ ಪೂರ್ತಿ ತುಂಡಾಗಿಯೇ ಬರೆಯಬೇಕು ಅನ್ನುತ್ತೆ, 2 ಕೆಬಿ ಒಪ್ಪುವುದಿಲ್ಲ. ಪ್ಲಸ್ ಡಿಸ್ಕ್‌ನಲ್ಲಿ ಆ ಜೋಡಣೆಯನ್ನು ಡ್ರೈವೇ ಮಾಡಿಕೊಳ್ಳುತ್ತೆ, ಮೈನಸ್ ಡಿಸ್ಕ್‌ನಲ್ಲಿ ಲಿನಕ್ಸ್‌ನ ಪಿಕೆಟಿಸಿಡಿವಿಡಿ ಡ್ರೈವರ್ ಮಾಡಬೇಕಿತ್ತು. ಅದನ್ನು ಕರ್ನಲ್‌ನವರು ಎಂದೋ ಬಳಕೆ ಬಿಡಬೇಕಾದವುಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದಾರೆ. ಆ ಮೂರು ಡಿಸ್ಕ್‌ಗೆ ಯುಡಿಎಫ್ ಆಸೆ ಬಿಡಿ, ಐಎಸ್ಒ ಇಮೇಜ್ ಬರೆಯಲು ಇಟ್ಟುಕೊಳ್ಳಿ.

ಇನ್ನೊಂದು: ಮೈನಸ್ ಡಿಸ್ಕನ್ನು ಫಾಸ್ಟ್ ಬ್ಲ್ಯಾಂಕ್ ಮಾಡಿದರೆ ಆಮೇಲೆ ಒಂದೇ ಏಟಿಗೆ ಪೂರ್ತಿ ಬರೆಯುವುದಕ್ಕಷ್ಟೇ ಬರುತ್ತದೆ. ಆಮೇಲೆ ಇನ್ನೊಂದು ಸೆಷನ್ (ಇನ್ನೊಂದು ಕಂತಿನ ಬರವಣಿಗೆ) ಸೇರಿಸಬೇಕು ಅಂದರೆ ಬ್ಲ್ಯಾಂಕ್ ಫುಲ್ ಕೊಡಲೇಬೇಕು. ಎರಡನೇ ಸೆಷನ್ ಬರೆಯಲು ಹೋದಾಗ ತಪ್ಪು ಬಂದರೆ ಮೊದಲು ಇದನ್ನೇ ನೋಡಿ.

ಪೇಟೆ_ಬೀದಿ

ಸಿಡಿ-ಆರ್‌ಡಬ್ಲ್ಯೂ ಡಬ್ಬ ಎಸೆಯುವುದಾ? ಡೇಟಾಬೇಸ್ ಒಂದೇ ಆದರೆ 600 ಎಂಬಿ ಅಲ್ವಾ, 700ರಲ್ಲಿ ಹಿಡಿಯಬೇಕು.

ತುಂಗಾತೀರ

ಐಎಸ್ಒ ಇಮೇಜ್ ಆಗಿ ಬರೆದರೆ ಹಿಡಿಯುತ್ತದೆ. ಯುಡಿಎಫ್ ಪ್ಯಾಕೆಟ್ ಫಾರ್ಮ್ಯಾಟ್ ಮಾಡಿದರೆ ಹಿಡಿಯುವುದಿಲ್ಲ. ಸಿಡಿ-ಆರ್‌ಡಬ್ಲ್ಯೂನಲ್ಲಿ ಒಂದು ಪ್ಯಾಕೆಟ್ ಎಂದರೆ 32 ಬ್ಲಾಕ್ ಮಾಹಿತಿ, ಅದರ ಹಿಂದೆಮುಂದೆ ಜೋಡಣೆಗೆ ಅಂತ 7 ಬ್ಲಾಕ್ ದಂಡ. 39ಕ್ಕೆ 7, ಅಂದರೆ ನೂರಕ್ಕೆ 18 ಪಾಲು ಫಾರ್ಮ್ಯಾಟ್ ಮಾಡುತ್ತಲೇ ಹೋಯಿತು. ಸ್ಪೇರಿಂಗ್‌ಗೆ ಇಟ್ಟ ಜಾಗವೂ ಹೋಗಿ ಕೈಗೆ ಸಿಗುವುದು 570 ಎಂಬಿ ಆಸುಪಾಸು.

ಇನ್ನೊಂದು ಕಿರಿಕಿರಿ ವೇಗದ ದರ್ಜೆ. ಡಿಸ್ಕ್ ಮೇಲೆ ಹೈ ಸ್ಪೀಡ್ ಅಥವಾ ಅಲ್ಟ್ರಾ ಸ್ಪೀಡ್ ಗುರುತು ಇದ್ದರೆ ಮೊದಲ ತಲೆಮಾರಿನ 4ಎಕ್ಸ್ ರೈಟರ್ ಅದಕ್ಕೆ ಬರೆಯುವುದಿಲ್ಲ, ಓದುತ್ತದೆ ಅಷ್ಟೇ. ಹಳೇ ಕಾರಿನ ಪ್ಲೇಯರ್ ಸಿಡಿ-ಆರ್‌ಡಬ್ಲ್ಯೂ ಓದದಿರುವುದಕ್ಕೆ ಕಾರಣ ಫೈಲ್ ಸಿಸ್ಟಂ ಅಲ್ಲ, ಆ ಪದರದ ಹೊಳಪು ಮಾಮೂಲಿ ಸಿಡಿಯ ಮೂರನೇ ಒಂದು ಪಾಲಿಗಿಂತಲೂ ಕಡಿಮೆ.

ಆಗುಂಬೆ_ಮಳೆ

ಹೆಸರೆಲ್ಲ ಕನ್ನಡದಲ್ಲಿ ಎಂದಿದ್ದಾರಲ್ಲ, ಅದನ್ನು ಯಾರೂ ಮುಟ್ಟಲಿಲ್ಲ. ಐಎಸ್ಒ ದಾರಿಯಲ್ಲಿ ನಿಜವಾದ ಎಡವಟ್ಟು ಇರುವುದೇ ಅಲ್ಲಿ.

ಕಣ್ಣಿಗೆ ಕಾಣುವ ಅಕ್ಷರವೇ ಬೇರೆ, ಫೈಲ್ ಸಿಸ್ಟಂ ಎಣಿಸುವುದೇ ಬೇರೆ. ತೀರ್ಥಹಳ್ಳಿ ತಗೊಳ್ಳಿ. ನಮಗೆ ಅದು ನಾಲ್ಕಕ್ಷರ: ತೀ, ರ್ಥ, ಹ, ಳ್ಳಿ. ಯೂನಿಕೋಡ್‌ಗೆ ತ, ದೀರ್ಘದ ಗುಣಿತ, ರ, ವಿರಾಮ, ಥ, ಹ, ಳ, ವಿರಾಮ, ಳ, ಇಕಾರದ ಗುಣಿತ. ಒಟ್ಟು 10 ಘಟಕ. ಯುಟಿಎಫ್-8ರಲ್ಲಿ ಪ್ರತಿಯೊಂದಕ್ಕೂ 3 ಬೈಟ್, ಅಂದರೆ 30 ಬೈಟ್.

ಈಗ ಮಿತಿಗಳು. ಬರೀ ಐಎಸ್ಒ 9660 ಆದರೆ ಕನ್ನಡವೇ ಇಲ್ಲ. ಉದ್ದ ಹೆಸರಿಗೆ ಅದರ ಮೇಲೆ ಸೇರಿಸುವ ವಿಸ್ತರಣೆ ಎರಡು. ಜೋಲಿಯೆಟ್ ಹಾಕಿದರೆ 64 ಘಟಕ, ವಿಂಡೋಸ್ ಓದುವುದು ಇದನ್ನು. ರಾಕ್ ರಿಡ್ಜ್ ಹಾಕಿದರೆ 255 ಬೈಟ್, ಕನ್ನಡಕ್ಕೆ ಅದು 85 ಘಟಕ, ಲಿನಕ್ಸ್ ಇದನ್ನು ಓದುತ್ತದೆ, ವಿಂಡೋಸ್ ಅತ್ತ ತಿರುಗಿಯೂ ನೋಡುವುದಿಲ್ಲ. ಯುಡಿಎಫ್‌ನಲ್ಲಿ ಕನ್ನಡ ಹೆಸರಿಗೆ 127 ಘಟಕ.

ಒಂದು ಹೆಸರು ಎಣಿಸಿ ನೋಡೋಣ: "ತೀರ್ಥಹಳ್ಳಿ ಶಾಖೆ ಅಡಿಕೆ ಖರೀದಿ ರಸೀದಿ 2019-20 ಮೊದಲ ಕಂತು ಪರಿಷ್ಕೃತ". ಖಾಲಿ ಜಾಗವೂ ಸೇರಿ 60. ಕೊನೆಗೆ ಚುಕ್ಕಿ ಪಿಡಿಎಫ್ ಸೇರಿದರೆ 64. ಜೋಲಿಯೆಟ್‌ಗೆ ಬಾಯಿಯವರೆಗೆ ತುಂಬಿತು. ಅದರ ಮುಂದೆ ಯಾರಾದರೂ 2 ಅಂತ ಸೇರಿಸಿದರೆ ಬರೆಯುವ ತಂತ್ರಾಂಶ ಹೆಸರನ್ನು ಕತ್ತರಿಸಿ ತನಗೆ ತೋಚಿದಂತೆ ಬೇರೆ ಮಾಡುತ್ತದೆ. ಅದೇ ಡಿಸ್ಕ್ ಲಿನಕ್ಸ್‌ನಲ್ಲಿ ಪೂರ್ತಿ ಹೆಸರು ತೋರಿಸುತ್ತದೆ, ಎಕ್ಸ್‌ಪಿಯಲ್ಲಿ ಬಾಲ ಕತ್ತರಿಸಿದ ಹೆಸರು. ಶಾಖೆಯವರು ಫೈಲ್ ಇಲ್ಲ ಎನ್ನುತ್ತಾರೆ, ನೀವು ಇದೆ ಎನ್ನುತ್ತೀರಿ. ಇಬ್ಬರದೂ ಸರಿಯೇ.

ಹಳೇ ಮ್ಯಾಕ್‌ನಿಂದ ಬಂದ ಫೈಲ್ ಆದರೆ ಇನ್ನೊಂದು ಸಂಗತಿ. ಅದರ ಫೈಲ್ ಸಿಸ್ಟಂ ಎಚ್‌ಎಫ್‌ಎಸ್ ಪ್ಲಸ್ ಗುಣಿತಗಳನ್ನು ಬಿಡಿಸಿ ಇಡುತ್ತದೆ. ಮೊ ಎನ್ನುವುದರ ಗುಣಿತ ಎರಡು ತುಂಡಾಗುತ್ತದೆ, ತೀ, ರೀ, ಸೀ ದೀರ್ಘಗಳೂ ಹಾಗೆಯೇ. ಮೇಲಿನ ಹೆಸರು 64 ಇದ್ದದ್ದು 68 ಆಯಿತು. ಪರದೆ ಮೇಲೆ ಕೂದಲೆಳೆ ವ್ಯತ್ಯಾಸವೂ ಕಾಣುವುದಿಲ್ಲ.

ಬಿಟ್_ಭದ್ರಾವತಿ

ಇದಕ್ಕೊಂದು ಸೇರಿಸುತ್ತೇನೆ. ಲೆಡ್ಜರ್‌ಗಳು, ಬಿಲ್‌ಗಳು ಅಂತ ಟೈಪ್ ಮಾಡುವಾಗ ಒತ್ತು ಬರದಿರಲಿ ಅಂತ ಅರ್ಧಾಕ್ಷರದ ಮುಂದೆ ಕಾಣದ ಒಂದು ಬೇರ್ಪಡಿಕೆ ಚಿಹ್ನೆ ಹಾಕುತ್ತೇವಲ್ಲ, ಅದೂ ಒಂದು ಘಟಕ. ಪದದ ಕೊನೆಯಲ್ಲಿ ಅದು ಉಳಿದುಬಿಟ್ಟರೆ ಒಂದೇ ಥರ ಕಾಣುವ ಎರಡು ಲೆಡ್ಜರ್ ಫೋಲ್ಡರ್ ಒಂದರ ಪಕ್ಕ ಒಂದು ಕೂರುತ್ತವೆ. ಫೋಲ್ಡರ್ ಪಟ್ಟಿಯನ್ನು ಎಲ್‌ಸಿ_ಎಎಲ್‌ಎಲ್=ಸಿ ಅಂತ ಮೊದಲು ಸೇರಿಸಿ ಎಲ್‌ಎಸ್‌ಗೆ ಬಿ ಆಯ್ಕೆ ಕೊಟ್ಟು ನೋಡಿ, ಬೈಟ್‌ಗಳು ಬಯಲಾಗುತ್ತವೆ.

ಮೌಂಟ್‌ನಲ್ಲಿ ಐಒಚಾರ್‌ಸೆಟ್ ತಪ್ಪಿ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದರೆ ಗಾಬರಿ ಬೇಡ. ಡಿಸ್ಕ್‌ನಲ್ಲಿ ಹೆಸರು ಸರಿಯಾಗಿಯೇ ಇರುತ್ತದೆ. ಆದರೆ ಆ ಸ್ಥಿತಿಯಲ್ಲಿ ಮರುಹೆಸರಿಡಲು ಮಾತ್ರ ಹೋಗಬೇಡಿ.

ಕಾನುಮನೆ

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ: ವಾರದ ಲೆಕ್ಕದ ಬ್ಯಾಕಪ್‌ಗೆ ಯುಡಿಎಫ್ ಡಿಸ್ಕ್‌ಗೆ ಫೈಲ್‌ಗಳನ್ನು ಎಳೆದು ಬಿಡುವ ಪದ್ಧತಿ ಬೇಡ. ಮೂರು ಕಾರಣ.

ಒಂದು, ವೇಳೆ. ಆಪ್ಟಿಕಲ್ ಡ್ರೈವ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲೆ ಸರಿಸಲು ಸುಮಾರು 150 ಮಿಲಿಸೆಕೆಂಡ್ ತಗೊಳ್ಳುತ್ತೆ. ಎಂಟು ಸಾವಿರ ಫೈಲ್‌ಗೆ ಒಂದೊಂದೇ ಸಲ ಸರಿದರೂ 20 ನಿಮಿಷ ಬರೀ ಓಡಾಟ. ಇಮೇಜ್ ಆಗಿ ಬರೆದರೆ 1.1 ಜಿಬಿ 4ಎಕ್ಸ್ ವೇಗದಲ್ಲಿ ನಾಲ್ಕು ನಿಮಿಷದೊಳಗೆ ಇಳಿಯುತ್ತೆ.

ಎರಡು, ಸವೆತ. ಲಿನಕ್ಸ್‌ನಲ್ಲಿ ಯುಡಿಎಫ್ ಬರೆಯಲು ಮೌಂಟ್ ಮಾಡಿದಾಗೊಮ್ಮೆ, ಬಿಡಿಸಿದಾಗೊಮ್ಮೆ ತೆರೆದಿದೆ, ಮುಚ್ಚಿದೆ ಅಂತ ಒಂದು ದಾಖಲೆ ಅದೇ ಜಾಗದಲ್ಲಿ ಬೀಳುತ್ತೆ. ಸ್ಪೇರಿಂಗ್ ಕೋಷ್ಟಕ ಇದ್ದರೂ ಲಿನಕ್ಸ್ ಅದನ್ನು ನೋಡಿ ಓದುತ್ತೆ, ಹೊಸದಾಗಿ ಕೆಟ್ಟ ಜಾಗವನ್ನು ತಾನಾಗಿ ಬದಲಿಸುವುದಿಲ್ಲ.

ಮೂರು, ಕರೆಂಟು. ಜುಲೈ ತಿಂಗಳಲ್ಲಿ ಹೊಸನಗರದ ಕಡೆ ಬರೆಯುತ್ತಿರುವಾಗ ಲೈನ್ ಹೋಗದೆ ಇದ್ದರೆ ಆಶ್ಚರ್ಯ. ಯುಡಿಎಫ್‌ಗೆ ಜರ್ನಲ್ ಇಲ್ಲ. ಡೈರೆಕ್ಟರಿ ಅರ್ಧ ಬರೆದಿರುವಾಗ ಹೋದರೆ ಹಳೆಯ ವಾರದ್ದೂ ಹೋಯಿತು. ಲಿನಕ್ಸ್‌ನಲ್ಲಿ ನೆಚ್ಚಿಕೊಳ್ಳುವಂಥ ದುರಸ್ತಿ ಸಾಧನ ಇಲ್ಲ. ವಿಂಡೋಸ್‌ನ ಚೆಕ್‌ಡಿಸ್ಕ್ ಯುಡಿಎಫ್ ನೋಡುತ್ತೆ, ಅದೊಂದೇ ಗತಿ.

ಹಾಗಾಗಿ ಡಿವಿಡಿ+ಆರ್‌ಡಬ್ಲ್ಯೂ ನಾಲ್ಕು ತೆಗೆದು 1, 2, 3, 4 ಅಂತ ಬರೆಯಿರಿ. ವಾರಕ್ಕೊಂದರಂತೆ ಸುತ್ತಿಸಿ, ಪೂರ್ತಿ ಹೊಸದಾಗಿ ಬರೆಯಿರಿ. ಒಂದು ಕೆಟ್ಟರೂ ಹಿಂದಿನ ಮೂರು ವಾರದ್ದು ಇರುತ್ತೆ. ಒಂದೊಂದು ಡಿಸ್ಕ್‌ಗೆ ವರ್ಷಕ್ಕೆ 13 ಸಲ ಬರೆದಂತಾಯಿತು. 1,000 ಎಲ್ಲಿ, 13 ಎಲ್ಲಿ.

ಸಾಧನ ಕ್ಸೊರಿಸೊ, ಲಿನಕ್ಸ್‌ನಲ್ಲಿ ಐಎಸ್ಒ ಡಿಸ್ಕ್ ಬರೆಯುವ ತಂತ್ರಾಂಶ. ಕ್ರಮ ಹೀಗೆ: ಫಾರ್_ಬ್ಯಾಕಪ್, ಜೋಲಿಯೆಟ್ ಆನ್, ಔಟ್‌ಡೆವ್ /ಡೆವ್/ಎಸ್‌ಆರ್0, ಬ್ಲ್ಯಾಂಕ್ ಆಸ್_ನೀಡೆಡ್, ಮ್ಯಾಪ್‌ಗೆ ಮೂಲ ಫೋಲ್ಡರ್ ಮತ್ತು ಡಿಸ್ಕಿನ ಫೋಲ್ಡರ್, ಕೊನೆಗೆ ಕಮಿಟ್. ಪ್ರತಿ ಆಜ್ಞೆಯ ಶುರುವಿನಲ್ಲಿ ಒಂದು ಅಡ್ಡಗೆರೆ (-). ರಾಕ್ ರಿಡ್ಜ್ ತಾನಾಗಿ ಬರುತ್ತೆ. ಫಾರ್_ಬ್ಯಾಕಪ್ ಕೊಟ್ಟರೆ ಪ್ರತಿ ಫೈಲಿನ ಎಂಡಿ5 (ಫೈಲ್ ಬದಲಾಗಿದೆಯೋ ಎಂದು ತಾಳೆ ನೋಡುವ ಸಂಖ್ಯೆ) ಡಿಸ್ಕ್‌ನೊಳಗೇ ಸೇರುತ್ತೆ. ಬರೆದ ಮೇಲೆ ಡಿಸ್ಕ್ ಒಮ್ಮೆ ಹೊರತೆಗೆದು ಹಾಕಿ, ಇನ್‌ಡೆವ್ ಕೊಟ್ಟು ಚೆಕ್_ಎಂಡಿ5_ಆರ್‌ನಿಂದ ಪರೀಕ್ಷೆ ಮಾಡಿ. ಹೊರತೆಗೆಯದೆ ಪರೀಕ್ಷಿಸಿದರೆ ನೆನಪಿನಲ್ಲಿ ಉಳಿದದ್ದನ್ನೇ ಓದಿ ಎಲ್ಲ ಸರಿ ಅಂದುಬಿಡಬಹುದು.

ಹೆಸರಿನ ಕತ್ತರಿ ತಪ್ಪಿಸಲು ರಸೀದಿಗಳನ್ನು ತಿಂಗಳಿಗೊಂದು ಜಿಪ್ ಮಾಡಿ ಹಾಕಿ. ಹೊರಗಿನ ಹೆಸರು ಚಿಕ್ಕದಿದ್ದರೆ ಸಾಕು.

ತುಂಗಾತೀರ

ಜಿಪ್ ಒಪ್ಪುವುದಿಲ್ಲ. ಎಕ್ಸ್‌ಪಿಯ ಒಳಗಿರುವ ಜಿಪ್ ಬಿಚ್ಚುವ ಸೌಲಭ್ಯ ಕನ್ನಡ ಹೆಸರನ್ನು ಹಾಳುಮಾಡುತ್ತದೆ. ಬೇರೆ ತಂತ್ರಾಂಶ ಹಾಕಿಕೊಂಡರೆ ಆಗಬಹುದು, ಆದರೆ ಶಾಖೆಯವರು ಒಂದು ರಸೀದಿ ನೋಡಲು ಅಷ್ಟು ಮಾಡಬೇಕೇ? ಫೋಲ್ಡರ್ ಹೆಸರಿನಲ್ಲೇ ಊರು, ವರ್ಷ ಇಟ್ಟು ಫೈಲ್ ಹೆಸರು ಚಿಕ್ಕದು ಮಾಡುವುದು ವಾಸಿ. 64ರ ಮಿತಿ ಪ್ರತಿ ಹಂತಕ್ಕೂ ಬೇರೆ ಬೇರೆ.

ಉಳಿದದ್ದಕ್ಕೆ ಕಾನುಮನೆಯವರ ಮಾತು ಸರಿ. ದಿನದಿನವೂ ಬದಲಾಗುವ ಚಿಕ್ಕ ಫೈಲ್‌ಗಳಿದ್ದರೆ ಅದಕ್ಕೆ ಮಾತ್ರ ಡಿವಿಡಿ-ರ್‍ಯಾಮ್ ಮತ್ತು ಯುಡಿಎಫ್ 2.01. ಕೆಟ್ಟ ಜಾಗವನ್ನು ಡ್ರೈವೇ ಬದಲಿಸುತ್ತದೆ. ಬರೆದು ತಾನೇ ಓದಿ ನೋಡುವುದರಿಂದ ವೇಗ ಅರ್ಧ: 3ಎಕ್ಸ್ ಡಿಸ್ಕ್ ತುಂಬಲು 38 ನಿಮಿಷ. ಶಾಖೆಯ ಡ್ರೈವ್ ಮುಖದ ಮೇಲೆ ರ್‍ಯಾಮ್ ಗುರುತು ಇದೆಯೋ ನೋಡಿಕೊಳ್ಳಿ. ಇಲ್ಲದಿದ್ದರೆ ಫೈಲ್ ಸಿಸ್ಟಂ ಏನೇ ಇರಲಿ, ಡಿಸ್ಕೇ ಕಾಣುವುದಿಲ್ಲ.

ಹೊಸನಗರ_ಲೆಕ್ಕ

ರ್‍ಯಾಮ್‌ಗೆ 200 ಎಂಬಿ ಕಾಪಿ ಹಾಕಿದೆ, ಹತ್ತು ಸೆಕೆಂಡಿಗೆ ಮುಗಿಯಿತು ಅಂತ ತೋರಿಸಿತು. ದೀಪ ಮಾತ್ರ ಮಿನುಗುತ್ತಲೇ ಇದೆ.

ಬಿಟ್_ಭದ್ರಾವತಿ

ಮುಗಿದಿಲ್ಲ. ಕಂಪ್ಯೂಟರಿನ ಮೆಮೊರಿಗೆ ಬಂದಿದೆ, ಡಿಸ್ಕ್‌ಗೆ ಈಗ ಇಳಿಯುತ್ತಿದೆ. ಸಿಂಕ್ ಕೊಟ್ಟು ಪ್ರಾಂಪ್ಟ್ ವಾಪಸ್ ಬರುವ ತನಕ ಕಾಯಿರಿ, ಆಮೇಲೆ ಯುಮೌಂಟ್, ಆಮೇಲೆ ಎಜೆಕ್ಟ್. ಡ್ರೈವಿನ ಗುಂಡಿ ಒತ್ತಬೇಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಇದೆ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಬರೆಯಲೇಬೇಡಿ. ಯುಎಸ್‌ಬಿ ಡ್ರೈವ್ ಆದರೆ ಹಬ್‌ಗೆ ಸಿಗಿಸದೆ ನೇರ ಕಂಪ್ಯೂಟರಿಗೇ ಸಿಗಿಸಿ. ಬರೆಯುವಾಗ ಲೇಸರ್ ಎಳೆಯುವ ಕರೆಂಟ್ ಓದುವಾಗಿನದಕ್ಕಿಂತ ಜಾಸ್ತಿ.

ಆಗುಂಬೆ_ಮಳೆ

ಇಡುವ ಜಾಗದ ಬಗ್ಗೆ ಎರಡು ಮಾತು, ಇದು ನಮ್ಮ ಕಡೆಗೇ ಬೇಕಾದದ್ದು. ಮಳೆಗಾಲದಲ್ಲಿ ಬಟ್ಟೆಯ ಚೀಲದಲ್ಲಿಟ್ಟ ಡಿಸ್ಕ್ ಮೇಲೆ ಬೂಷ್ಟು ಹತ್ತುತ್ತದೆ. ಗಟ್ಟಿ ಪ್ಲಾಸ್ಟಿಕ್ ಕೇಸ್, ಅದರ ಹೊರಗೆ ರಬ್ಬರ್ ಬಿಗಿಯಿರುವ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಬೆಚ್ಚಗಿರುತ್ತದೆ ಅಂತ ಒಲೆ ಮೇಲಿನ ಅಟ್ಟಕ್ಕೆ ಮಾತ್ರ ಏರಿಸಬೇಡಿ. ಅದು ಅಡಿಕೆ, ಏಲಕ್ಕಿಗೆ ಸರಿ. ಡಿಸ್ಕ್‌ಗೆ ಮಸಿ ಕೂರುತ್ತದೆ, ಕಾವಿಗೆ ತಟ್ಟೆ ಸೊಟ್ಟಗಾಗುತ್ತದೆ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ, ಸುತ್ತ ತಿರುಗಿಸಿ ಅಲ್ಲ. ಸುತ್ತ ಬಿದ್ದ ಗೀರು ಒಂದೇ ಜಾಡಿನಲ್ಲಿ ಉದ್ದಕ್ಕೆ ಹೋಗಿ ದೋಷ ತಿದ್ದುವ ಶಕ್ತಿಯನ್ನು ಮೀರುತ್ತದೆ.

ಹೊಸನಗರ_ಲೆಕ್ಕ

ಸರಿ, ಹೀಗೆ ಮಾಡುತ್ತೇನೆ: ನಾಲ್ಕು ಡಿವಿಡಿ+ಆರ್‌ಡಬ್ಲ್ಯೂ ವಾರದ ಸರದಿಗೆ, ಐಎಸ್ಒ ಜೊತೆ ಜೋಲಿಯೆಟ್ ಮತ್ತು ರಾಕ್ ರಿಡ್ಜ್. ದಿನವಹಿ ಪುಸ್ತಕಕ್ಕೆ ಡಿವಿಡಿ-ರ್‍ಯಾಮ್, ಯುಡಿಎಫ್ 2.01. ಡಿಸ್ಕಿನ ಲೇಬಲ್ ಕನ್ನಡದಲ್ಲಿ ಇಡಬಹುದಾ?

ಬಿಟ್_ಭದ್ರಾವತಿ

ಯುಡಿಎಫ್‌ನಲ್ಲಿ ಇಡಬಹುದು. ಎಂಕೆಯುಡಿಎಫ್‌ಎಫ್‌ಎಸ್‌ನಲ್ಲಿ ಲೇಬಲ್ ಆಯ್ಕೆಗೆ ಕನ್ನಡದ 63 ಘಟಕ ಹಿಡಿಯುತ್ತದೆ. ಆಮೇಲೆ ಬದಲಿಸಲು ಯುಡಿಎಫ್‌ಲೇಬಲ್ ಇದೆ. ಐಎಸ್ಒ ಡಿಸ್ಕ್‌ಗೆ ಇಂಗ್ಲಿಷ್ ದೊಡ್ಡಕ್ಷರ, ಅಂಕಿ, ಅಡಿಗೆರೆ ಮಾತ್ರ ಬಳಸಿ. ಜೋಲಿಯೆಟ್ ಲೇಬಲ್‌ಗೆ ಇರುವುದು 16 ಘಟಕ, ಅದರೊಳಗೆ ವಾರದ ಸಂಖ್ಯೆ, ಡಿಸ್ಕಿನ ಸಂಖ್ಯೆ ಎರಡೂ ಬರುವಂತೆ ನೋಡಿಕೊಳ್ಳಿ.